ಮಬ್ರೂಕಾ ನಕ್ಕ ಚಿತ್ರ

ತೆಗೆದವನು ನಾನು. ಅದಕ್ಕೇ ಹೇಳುತ್ತೇನೆ.
ಟುನೀಷಿಯದ ಕೆಫ್, ಗುಡ್ಡದ ಮೈಗೆ ಅಂಟಿಕೊಂಡ ಬೀದಿಗಳು,
ಅಕ್ಟೋಬರಿನ ಭಾನುವಾರ, ಬೆಳಗಿನ ಆರೂವರೆ.
ಶಾಲೆಯ ಬಾಗಿಲಿನಿಂದ ಹೊರಟ ಸಾಲು
ರೊಟ್ಟಿಯಂಗಡಿ ದಾಟಿ, ಮುಚ್ಚಿದ ಸಿನಿಮಾ ಮಂದಿರ ದಾಟಿ,
ಹಳೆಯ ಪಕ್ಷದ ಸುಟ್ಟ ಕಚೇರಿಯ ಮುಂದೆ
ಒಂದು ಚಣ ಮಾತು ನುಂಗಿ, ಮತ್ತೆ ಹರಟುತ್ತ
ಇಳಿಜಾರಿಗೆ ಇಳಿದಿತ್ತು.
ಯಾರೂ ನುಗ್ಗಲಿಲ್ಲ. ನಮ್ಮೂರಿಗೆ ಅದೇ ದೊಡ್ಡ ಸುದ್ದಿ:
ಬಸ್ಸಿಗೂ ಹೀಗೆ ನಿಂತವರಲ್ಲ ನಾವು.

ಒಳಗೆ ಮತಪತ್ರ, ಮೇಜುಬಟ್ಟೆಯಷ್ಟು ಅಗಲ.
ಕೊಡೆ, ಗಡಿಯಾರ, ಮೀನು, ಬೀಗದಕೈ,
ಆಯುಷ್ಯವೆಲ್ಲ ಒಂದೇ ಮುಖ ನೋಡಿದವರಿಗೆ
ಸಂತೆಗೆ ಬಂದ ಹಾಗಾಯಿತು.

ಮಬ್ರೂಕಾ ಹೊರಬಂದಳು, ಎಡಗೈ ತೋರುಬೆರಳು ನೀಲಿ.
ಈಚೆಗೆ ಸೊಸೆ, ಬಿಚ್ಚುಗೂದಲು, ಜೀನ್ಸ್.
ಆಚೆಗೆ ಬಂದೂಕಿನ ಹುಡುಗ, ಮೀಸೆ ಇನ್ನೂ ಮೂಡದವನು.
"ಶಾಯಿ ಆರಲಿ ಅಜ್ಜೀ, ಮುಟ್ಟಬೇಡ" ಅಂದ.
ಅವಳು ಅಂದಳು:
"ನನ್ನ ಗಂಡ ಸತ್ತು ಹನ್ನೊಂದು ವರ್ಷ ಮಗಾ.
ಸತ್ತ ಮೇಲೂ ಒಂದು ಚುನಾವಣೆ ತಪ್ಪಿಸಿದವನಲ್ಲ,
ಪಟ್ಟಿಯಲ್ಲಿ ಹೆಸರು, ಹೆಸರಿನೆದುರು ಸಹಿ.
ಇವತ್ತೇ ನೋಡು, ಮೊದಲ ಸಲ, ಬಂದಿಲ್ಲ."
ಹೇಳಿ ನಕ್ಕಳು. ಹುಡುಗ ನಕ್ಕ.
ಸೊಸೆ ನಾಚಿ ಮುಖ ತಿರುಗಿಸಿದಳು.
ಆಗ ಒತ್ತಿದೆ ಗುಂಡಿ.

ಮಾರನೆಯ ದಿನ ಒಂದು ಪತ್ರಿಕೆಯಲ್ಲಿ ಸೊಸೆ ಇಲ್ಲ.
ತಲೆವಸ್ತ್ರದ ಮುದುಕಿ ಮಾತ್ರ, ಮೇಲೆ ದಪ್ಪಕ್ಷರ:
ಮನೆಗೆ ಮರಳಿದ ನಂಬಿಕೆ.
ಇನ್ನೊಂದರಲ್ಲಿ ಮುದುಕಿಯ ಭುಜದ ತನಕ ಕತ್ತರಿ,
ಸೊಸೆಯ ಕೂದಲಿಗೆ ಮುಕ್ಕಾಲು ಪುಟ.
ನಾಚಿ ತಿರುಗಿದ ಮುಖ ಅಲ್ಲಿ
ನಾಳೆಯತ್ತ ನೋಡುತ್ತಿತ್ತಂತೆ.
ಪ್ಯಾರಿಸ್ಸಿನ ವಾಹಿನಿಗೆ ಬೇಕಾಗಿದ್ದು ಬಂದೂಕು.
"ಆತಂಕದ ನೆರಳಲ್ಲಿ" ಅಂದಳು ಸುದ್ದಿ ಓದುವವಳು,
ನಮ್ಮೂರ ಹೆಸರಿನ ಮೇಲೆ ಎಡವುತ್ತ.

ನನ್ನ ಸಂಪಾದಕ ಲಸಾದ್ ಯಾರ ಕಡೆಯೂ ಅಲ್ಲ,
ದಿನಕ್ಕೆ ನಾಲ್ಕು ಸಲ ಹಾಗೆ ಹೇಳುತ್ತಾನೆ.
ಮೂರನ್ನೂ ಕಂಡು ಥೂ ಅಂದ.
ಆಮೇಲೆ ನನ್ನ ಪೂರ್ತಿ ಚಿತ್ರ ಹಿಡಿದು
ಮೂಲೆಯಲ್ಲಿ ಬೆರಳಿಟ್ಟ: "ಇದೇನು ಕೆಂಪು?"
ಕಿಟಕಿಯ ಕಟ್ಟೆ ಮೇಲೆ ಬಾಯಿ ತೆರೆದ ಚೀಲ,
ಒಣಮೆಣಸಿನಕಾಯಿ.
"ಕೆಂಪು ಅವರ ಬಣ್ಣ. ತೆಗಿ."
ಗಂಡನ ಮಾತನ್ನಾದರೂ ಅಡಿಬರಹವಾಗಿ ಹಾಕೋಣವೆಂದೆ.
"ಅದರಿಂದ ಯಾರಿಗೆ ಲಾಭ?" ಕೇಳಿದ.
ಗೊತ್ತಿರಲಿಲ್ಲ ನನಗೆ.
ಮೆಣಸಿನಕಾಯಿ ತೆಗೆದೆ.
ಇದನ್ನೂ ಹೇಳಲೇಬೇಕು: ನಾನೇ ತೆಗೆದೆ.

ಮೇಲಿನ ಕಾಫಿಯಂಗಡಿಗೊಂದು ವಾಹಿನಿ, ಕೆಳಗಿನದಕ್ಕೆ ಇನ್ನೊಂದು.
ಗೆದ್ದವರು ದೇವರು ಕೊಟ್ಟನೆಂದರು,
ಸೋತವರು ದುಡ್ಡು ಕೊಟ್ಟರೆಂದರು.
ಎಣಿಕೆ ಇನ್ನೂ ಅರ್ಧ ಮುಗಿದಿರಲಿಲ್ಲ.
ಕ್ಷೌರದ ಬೆಶೀರ್ ಇಪ್ಪತ್ತಮೂರು ವರ್ಷ
ನಾಲಿಗೆಯಡಿ ಕಾಪಾಡಿದ್ದ ಅಭಿಪ್ರಾಯವನ್ನು
ಎಲ್ಲರೆದುರು ಉಗುಳಿ
ನಾಲ್ಕು ಗಿರಾಕಿ ಕಳೆದುಕೊಂಡ.
ಬೇಜಾರಿಲ್ಲ ಅಂದ. ಸ್ವಲ್ಪ ಇತ್ತು.

ಮೂರನೆಯ ದಿನ ಫೋನು. ಮಬ್ರೂಕಾ.
ಬೈಗುಳಕ್ಕೆ ಕಿವಿ ಗಟ್ಟಿಮಾಡಿ ನಿಂತೆ.
"ಮಗಾ, ನನ್ನ ಚೀಲ ಕಂಡೆಯಾ?
ಹರೀಸಾ ಅರೆಯಲು ತಂದ ಮೆಣಸಿನಕಾಯಿ, ಅರ್ಧ ಕಿಲೋ.
ಎಲ್ಲ ಪೇಪರಿನಲ್ಲೂ ಹುಡುಕಿಸಿದೆ ಸೊಸೆಯಿಂದ.
ಯಾವುದರಲ್ಲೂ ಇಲ್ಲ."

ಇದೆ ಅಂದೆ. ಮೂರನೆಯ ಕಿಟಕಿ, ಎಡಗಡೆ.
ನನ್ನ ಚಿತ್ರದಲ್ಲಿ ಏನಿದೆಯೆಂದು
ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ.

ಇಬ್ಬರೂ ಹೋದೆವು. ಶಾಲೆಯ ಗೇಟಿಗೆ ಮುದ್ರೆ.
ತಕರಾರು ಬಂದಿದೆ, ಮತ್ತೊಮ್ಮೆ ಎಣಿಸುತ್ತಾರಂತೆ.
ಒಳಗೆ ಅದೇ ಹುಡುಗ, ಅದೇ ಬಂದೂಕು.
"ಏನನ್ನೂ ಮುಟ್ಟುವ ಹಾಗಿಲ್ಲ ಅಜ್ಜೀ, ಅಪ್ಪಣೆ"
ಅನ್ನುತ್ತ, ಮುಖ ಆಚೆ ಮಾಡಿ
ಎರಡು ಸಲ ಸೀನಿದ.

ಮಬ್ರೂಕಾ ಸರಳು ಹಿಡಿದು ಇಣುಕಿದಳು,
ಬೆರಳ ನೀಲಿ ಉಗುರಿನ ಸಂದಿಗೆ ಸರಿದಿತ್ತು.
"ಅಯ್ತು, ಇರಲಿ," ಅಂದಳು.
"ಎಣಿಸಿಯಾದರೂ ಇಟ್ಟಿದ್ದೀಯಾ?"